1930ರಲ್ಲಿ ನೀವು ಎಲ್ಲಿದ್ದಿರಿ?

ಮೊನ್ನೆ ಫೋನಲ್ಲಿ ನಿನಗೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ ಮಾರಾಯ, ಅದಕ್ಕೇ ಬರೆಯುತ್ತಿದ್ದೇನೆ. "ಅಷ್ಟು ಚಂದದ ಪಶ್ಚಿಮ ಘಟ್ಟದ ಕಾಡು ಮನೆ ಬಾಗಿಲಲ್ಲೇ ಇದೆ. ಅದನ್ನು ಉಳಿಸೋಕೆ ಕಸ್ತೂರಿರಂಗನ್ ವರದಿ ಬಂದ್ರೆ ನೀವೇ ಬೇಡ ಅಂತೀರಲ್ಲ, ನಿಮ್ಮ ಕಡೆಯವರಿಗೆ ತಿಳಿಸಿ ಹೇಳೋರು ಯಾರೂ ಇಲ್ವಾ?" ಅಂತ ನೀನು ಕೇಳಿದೆ. ಆ ಮಾತು ರಾತ್ರಿಯಿಡೀ ತಲೆಯಲ್ಲಿತ್ತು.

ಮೊದಲು ಒಂದು ವಿಷಯ. ನಾವು ಗೋವಾದವರಲ್ಲ. ಕಾರವಾರ ಅಂದ ಕೂಡಲೇ ನಿಮ್ಮಲ್ಲಿ ಅರ್ಧ ಜನ ಹಾಗೇ ಅಂದುಕೊಳ್ಳುತ್ತಾರೆ. ಪೇಟೆಯಲ್ಲಿ ಕೊಂಕಣಿ ಜಾಸ್ತಿ, ನಿಜ. ನಮ್ಮ ಮನೆ ಮಾತು ಕನ್ನಡ, ಮೀನು ತರುವಾಗ ಕೊಂಕಣಿ, ಎರಡೂ ನಮ್ಮದೇ. ಅತ್ತ ಮಹಾರಾಷ್ಟ್ರ ಕಾರವಾರವೂ ತನಗೆ ಬೇಕು ಅನ್ನುತ್ತದೆ. ಇತ್ತ ಬೆಂಗಳೂರಿಗೆ ಬಂದರೆ "ಕನ್ನಡ ಚೆನ್ನಾಗಿ ಮಾತಾಡ್ತೀರಲ್ಲ" ಅನ್ನುತ್ತಾರೆ. ನಾವು ಎಲ್ಲಿಯವರು ಅಂತ ಹೇಳಿಕೊಳ್ಳುತ್ತಲೇ ಇರಬೇಕು. ಇದನ್ನು ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ.

ನಮ್ಮೂರು ಕದ್ರಾ ದಾರಿಯಲ್ಲಿ, ಕಾಳಿ ನದಿಯ ಪಕ್ಕ. ಕಾಳಿ ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ ಸದಾಶಿವಗಡದ ಹತ್ತಿರ ಸಮುದ್ರ ಸೇರುತ್ತಾಳೆ, 184 ಕಿಲೋಮೀಟರ್. ಅಷ್ಟರಲ್ಲಿ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಅಣೆಕಟ್ಟಿನ ಮೇಲೆ ಅಣೆಕಟ್ಟು. ಸೂಪಾದಲ್ಲಂತೂ ಹಳೇ ಊರೇ ನೀರೊಳಗೆ ಹೋಯಿತು. ದಡದಲ್ಲೇ ಕೈಗಾ ಅಣು ವಿದ್ಯುತ್ ಸ್ಥಾವರ, 220 ಮೆಗಾವ್ಯಾಟಿನ 4 ಘಟಕ. 2019ರ ಆಗಸ್ಟ್‌ನಲ್ಲಿ ಕದ್ರಾದಿಂದ ನೀರು ಬಿಟ್ಟಾಗ ನಮ್ಮ ಕೆಳಗಿನ ಮನೆಗಳಲ್ಲಿ ಸೊಂಟದ ತನಕ ನೀರಿತ್ತು. ಅಣೆಕಟ್ಟಿಗೆ ಅಂತ ಅಷ್ಟು ಕಾಡು ಮುಳುಗಿಸುವಾಗ ಅದರ ಬೆಲೆ ಏನು ಅಂತ ನಮ್ಮ ಹತ್ತಿರ ಯಾರೂ ಬಂದು ಹೇಳಲಿಲ್ಲ.

ಈಗ ಆ ವರದಿ. ಕಸ್ತೂರಿರಂಗನ್ ಸಮಿತಿಯ ವರದಿ ಇಟ್ಟುಕೊಂಡು ಕೇಂದ್ರ ಸರ್ಕಾರ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ಆರು ರಾಜ್ಯ ಸೇರಿ ಘಟ್ಟದ 56,825 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶ. ಕರ್ನಾಟಕದ್ದೇ 20,668, ಎಲ್ಲರಿಗಿಂತ ಜಾಸ್ತಿ. 2024ರ ಜುಲೈ 31ಕ್ಕೆ ಬಂದದ್ದು ಆರನೇ ಕರಡು. ಅದನ್ನೂ ನಮ್ಮ ರಾಜ್ಯ ಸರ್ಕಾರ ಒಪ್ಪಲಿಲ್ಲ. ನಾನು ಅದನ್ನು ಓದಿದ್ದೇನೆ. ಅದರಲ್ಲಿ ನಿಲ್ಲಿಸುವುದು ಗಣಿ, ಕಲ್ಲುಕ್ವಾರಿ, ಮರಳು ತೆಗೆಯುವುದು, ಹೊಗೆ ಉಗುಳುವ ಕಾರ್ಖಾನೆ, ದೊಡ್ಡ ದೊಡ್ಡ ಕಟ್ಟಡ. ಗದ್ದೆ ತೋಟ ಬಿಡಿ ಅಂತ ಎಲ್ಲೂ ಇಲ್ಲ. ಇದನ್ನು ನಮ್ಮೂರ ಸಭೆಯಲ್ಲಿ ಎದ್ದು ನಿಂತು ಹೇಳಿ ಬೈಸಿಕೊಂಡಿದ್ದೇನೆ. ಕ್ವಾರಿ ಇಟ್ಟುಕೊಂಡವರು ಬಡವರನ್ನು ಮುಂದೆ ನಿಲ್ಲಿಸಿ ಕೂಗಿಸುತ್ತಾರೆ, ಅದೂ ನನಗೆ ಗೊತ್ತು. ಆದರೆ ನಮ್ಮ ಜನರಿಗೆ ತಿಳುವಳಿಕೆ ಇಲ್ಲ ಅಂದೆಯಲ್ಲ, ಅದನ್ನು ಮಾತ್ರ ಒಪ್ಪಲಾರೆ. 1983ರಲ್ಲಿ ಶಿರಸಿ ಕಡೆಯ ಸಾಲ್ಕಣಿಯವರು ಕಡಿಯಲು ಬಿಡದೆ ಮರ ತಬ್ಬಿಕೊಂಡು ಅಪ್ಪಿಕೋ ಚಳವಳಿ ಶುರು ಮಾಡಿದರು. 2020ರ ಜನವರಿಯಲ್ಲಿ ಬಂದರು ವಿಸ್ತರಣೆಗೆ ಅಂತ ಟಾಗೋರ್ ಕಡಲತೀರಕ್ಕೆ ಕಲ್ಲು ತಂದು ಹಾಕುವಾಗ ಕಾರವಾರದ ಮೀನುಗಾರರು ಸಮುದ್ರಕ್ಕೇ ಇಳಿದರು. ಅವರೆಲ್ಲ ಈ ಜಿಲ್ಲೆಯವರೇ ಅಲ್ವಾ?

ಹಾಗಾದರೆ ವರದಿಗೆ ಹೆದರುವುದು ಯಾಕೆ ಅಂತೀಯ. ನಮ್ಮ ಅಪ್ಪನ ಹೆಸರಿನ ಮುಂದೆ ಸರ್ಕಾರಿ ಕಾಗದದಲ್ಲಿ ಏನಿದೆ ಗೊತ್ತಾ? ಅತಿಕ್ರಮಣದಾರ. ಮನೆ, ಬಾವಿ, ಒಂದೂವರೆ ಎಕರೆ ಗದ್ದೆ ಎಲ್ಲ ದಾಖಲೆಯಲ್ಲಿ ಅರಣ್ಯ. ಪಹಣಿ ಇಲ್ಲ, ಅದಕ್ಕೆ ಬೆಳೆ ಸಾಲ ಇಲ್ಲ, ಮನೆಗೆ ಸರ್ಕಾರದ ಹಣವೂ ಇಲ್ಲ. ಕಾಡಿನ ಜಾಗದಲ್ಲಿ ಹಿಂದಿನಿಂದ ಇರುವವರಿಗೆ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂದಾಗ ಇನ್ನು ಸರಿಹೋಯಿತು ಅಂದುಕೊಂಡೆವು. ಬುಡಕಟ್ಟಿನವರಾದರೆ 2005ರ ಡಿಸೆಂಬರ್ 13ಕ್ಕೆ ಮುಂಚೆ ಆ ಜಾಗದಲ್ಲಿದ್ದರೆ ಸಾಕು. ನಮ್ಮಂಥ ಉಳಿದವರು ಆ ತಾರೀಖಿನಿಂದ ಹಿಂದಕ್ಕೆ ಮೂರು ತಲೆಮಾರು ತೋರಿಸಬೇಕು. ತಲೆಮಾರಿಗೆ 25 ವರ್ಷ. ಒಟ್ಟು 75. ಅಂದರೆ 1930.

1930ರಲ್ಲಿ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಮುತ್ತಜ್ಜ ಶಾಲೆಯ ಮುಖ ನೋಡಿದವನಲ್ಲ, ಹೆಬ್ಬೆಟ್ಟು ಒತ್ತಿದ ಕಾಗದವೂ ಉಳಿದಿಲ್ಲ. ಉಳಿದದ್ದು ಅವನು ತೋಡಿದ ಬಾವಿ, ಒಂದು ಹಲಸಿನ ಮರ, ಗದ್ದೆ ಅಂಚಿನ ಚೌಡಿ ದೇವಿಯ ಕಲ್ಲು. ಕಾಯ್ದೆಯ ನಿಯಮದಲ್ಲಿ ಬಾವಿಯೂ ಸಾಕ್ಷಿ, ಹಿರಿಯರ ಹೇಳಿಕೆ ಬರೆದುಕೊಂಡರೆ ಅದೂ ಸಾಕ್ಷಿ. ನಾನೇ ಆ ನಿಯಮ ತೋರಿಸಿದೆ. ಕಚೇರಿಯಲ್ಲಿ ಮೇಜಿನ ಆ ಕಡೆ ಇದ್ದವರು ತಲೆ ಎತ್ತದೆ "ಕಾಗದ ಇದ್ರೆ ತನ್ನಿ" ಅಂದರು. ಮೂರು ಸಲ ಹೋದೆವು, ಮೂರು ಸಲವೂ ಅದೇ ಮಾತು. ಅರ್ಜಿ ತಿರಸ್ಕಾರ ಆಯಿತು, ಮೇಲ್ಮನವಿ ಹಾಕಿದೆವು. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ಅರ್ಜಿ ತಿರಸ್ಕಾರವಾದವರನ್ನು ತೆರವು ಮಾಡಿ ಅಂದಾಗ ಅಮ್ಮ ಎರಡು ದಿನ ಊಟ ಬಿಟ್ಟಳು. 28ಕ್ಕೆ ಅದೇ ಕೋರ್ಟು ತಡೆ ಕೊಟ್ಟಿತು. ಆ ಹದಿನೈದು ದಿನ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ.

ಇಂಥ ಮನೆಗೆ ಇನ್ನೊಂದು ನಕ್ಷೆ ಬಂತು, ಅದರಲ್ಲಿ ನಿಮ್ಮೂರು ಹಸಿರು ಬಣ್ಣದೊಳಗಿದೆ ಅಂದರೆ ನಾವು ಏನು ಅಂದುಕೊಳ್ಳಬೇಕು ಹೇಳು? ಕರಡಿನಲ್ಲಿ ಏನು ಬರೆದಿದೆ ಅಂತ ಅಪ್ಪ ಕೇಳುವುದಿಲ್ಲ. ನಮ್ಮ ಮನೆ ಅದರಲ್ಲಿ ಮನೆ ಅಂತ ಇದೆಯಾ ಇಲ್ವಾ ಅಂತ ಕೇಳುತ್ತಾನೆ. ಇಲ್ಲ. ಕಾಗದದಲ್ಲಿ ನಾವು ಇಲ್ಲವೇ ಇಲ್ಲ. ನಾವು ಎಲ್ಲಿಯವರು ಅಂತ ಇಲ್ಲೂ ಹೇಳಿಕೊಳ್ಳುತ್ತಲೇ ಇರಬೇಕು. ಕಸ್ತೂರಿರಂಗನ್‌ಗಿಂತ ಮುಂಚೆ ಇದೇ ಘಟ್ಟದ ಬಗ್ಗೆ ವರದಿ ಕೊಟ್ಟ ಗಾಡ್ಗೀಳ್ ಸಮಿತಿ 2011ರಲ್ಲೇ ಊರಿನವರನ್ನು, ಗ್ರಾಮಸಭೆಯನ್ನು ಕೇಳಿ ತೀರ್ಮಾನ ಮಾಡಿ ಅಂದಿತ್ತು. ನನ್ನ ಮಾತೂ ಅದೇ. ಮೊದಲು ನಮ್ಮ ಹಕ್ಕಿನ ಕಾಗದ ಕೊಡಿ. ಆಮೇಲೆ ಯಾವ ಗುಡ್ಡ ಮುಟ್ಟಬಾರದು ಅಂತ ನಾವೇ ತೋರಿಸುತ್ತೇವೆ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದರೆ ಆರಿಸಲು ಮೊದಲು ಸೊಪ್ಪು ಮುರಿದುಕೊಂಡು ಓಡುವವರು ನಾವೇ.

ಮುಂದಿನ ಮಂಗಳವಾರ ಮತ್ತೆ ವಿಚಾರಣೆ ಇದೆ. ಬಾವಿಯ ಫೋಟೊ ಎಲ್ಲ ದಿಕ್ಕಿನಿಂದ ತೆಗೆದಿಟ್ಟಿದ್ದೇನೆ. ಮೇಲಿನ ಕೇರಿಯ ಅಜ್ಜಿಗೆ ತೊಂಬತ್ತು ದಾಟಿದೆ. ಆ ಬಾವಿ ತೋಡಿದ್ದನ್ನು ತನ್ನ ಅಮ್ಮನ ಬಾಯಿಂದ ಕೇಳಿದವಳು ಈಗ ಅವಳೊಬ್ಬಳೇ. ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿದರೆ ಬರುತ್ತೇನೆ ಅಂದಿದ್ದಾಳೆ. ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತೇವೆ, ಅದು ಖಾಲಿ ಇರುತ್ತದೆ.