ಅಮೆರಿಕದ ಕಾನ್ಸಸ್ ರಾಜ್ಯದ ನಿಕೋಡಿಮಸ್ ಹಳ್ಳಿಯನ್ನು ಕಟ್ಟಿದವರು ಯಾರು? ರೈಲು ಬಾರದಿದ್ದರೂ ಅದು ಉಳಿದದ್ದು ಹೇಗೆ?

ಕಟ್ಟಿದವರು ಕೆಂಟಕಿಯಿಂದ ಬಂದ ಕಪ್ಪು ಜನ. ಗುಲಾಮಗಿರಿಯಿಂದ ಬಿಡುಗಡೆಯಾಗಿ ಆಗಿನ್ನೂ ಹತ್ತು ಹನ್ನೆರಡು ವರ್ಷವಾಗಿತ್ತು. ದಕ್ಷಿಣದಲ್ಲಿ ಅವರಿಗೆ ಸ್ವಂತ ನೆಲವೂ ಇಲ್ಲ, ನೆಮ್ಮದಿಯೂ ಇಲ್ಲ. 1877ರಲ್ಲಿ ಡಬ್ಲ್ಯು. ಆರ್. ಹಿಲ್ ಎಂಬ ಬಿಳಿಯ ಜಮೀನು ವ್ಯಾಪಾರಿಯೂ ಡಬ್ಲ್ಯು. ಎಚ್. ಸ್ಮಿತ್ ಎಂಬ ಕಪ್ಪು ಮುಂದಾಳುವೂ ಸೇರಿ ಊರು ಕಟ್ಟುವ ಕಂಪನಿ ಮಾಡಿದರು. ಫಲವತ್ತಾದ ಭೂಮಿಯಿದೆ, ಬನ್ನಿ ಎಂದು ಕರೆದರು. ಸೆಪ್ಟೆಂಬರ್‌ನಲ್ಲಿ ಸುಮಾರು 300 ಜನ ಎಲ್ಲಿಸ್ ಎಂಬ ಊರಿನವರೆಗೆ ರೈಲಿನಲ್ಲಿ ಬಂದರು. ಅಲ್ಲಿಂದ ಮುಂದೆ ನಡಿಗೆ.

ಬಂದು ನೋಡಿದರೆ ಊರೇ ಇಲ್ಲ! ಸುತ್ತ ಬರೀ ಹುಲ್ಲುಗಾವಲು, ಮನೆ ಕಟ್ಟಲು ಮರವೂ ಸಾಲದು. ಹಾಗಾಗಿ ನೆಲ ಅಗೆದು, ಆ ಗುಂಡಿಗಳಲ್ಲೇ ಸಂಸಾರ ಹೂಡಿದರು. ಮರುವರ್ಷ ಬಂದ ವಿಲಿಯಾನಾ ಹಿಕ್‌ಮನ್ ಎಂಬ ಮಹಿಳೆ ಇದನ್ನು ಹೇಳಿದ್ದಾರೆ. ಊರು ಬಂತು ಎಂದು ಗಂಡಸರು ಕೂಗಿದಾಗ ವಿಲಿಯಾನಾ ಕಣ್ಣಿಗೆ ಏನೂ ಬೀಳಲಿಲ್ಲ. ಎಲ್ಲಿ ಎಂದು ಕೇಳಿದರು. ಗಂಡ ನೆಲದಿಂದ ಏಳುತ್ತಿದ್ದ ಹೊಗೆ ತೋರಿಸಿದರು. ವಿಲಿಯಾನಾ ಅಳತೊಡಗಿದರು. ನನಗೆ ಈ ಊರಿನ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ, ಯಾಕೆಂದರೆ ಅಷ್ಟು ಅತ್ತವರು ಅಲ್ಲೇ ನಿಂತರು. ಎಷ್ಟೋ ಕುಟುಂಬಗಳು ವಾಪಸ್ ಹೋದವು, ಅದು ತಪ್ಪೂ ಅಲ್ಲ. ಮೊದಲ ಚಳಿಗಾಲದಲ್ಲಿ ಬೇಟೆ ಮುಗಿಸಿ ಬರುತ್ತಿದ್ದ ಒಸೇಜ್ ಎಂಬ ಮೂಲನಿವಾಸಿ ಜನ ತಮ್ಮ ಆಹಾರ ಹಂಚಿಕೊಳ್ಳದಿದ್ದರೆ ಉಳಿದವರ ಗತಿಯೂ ಕಷ್ಟವಿತ್ತು. ನೇಗಿಲು, ಕುದುರೆ ಇಲ್ಲದವರು ಗುದ್ದಲಿ ಹಿಡಿದೇ ನೆಲ ಒಡೆದರು.

1880ರ ದಶಕದಲ್ಲಿ ಅಂಗಡಿ, ಹೋಟೆಲ್, ಶಾಲೆ, ಚರ್ಚು, ಎರಡು ಪತ್ರಿಕೆ ಎಲ್ಲವೂ ಬಂದವು. ರೈಲಿಗಾಗಿ 1887ರಲ್ಲಿ 16,000 ಡಾಲರ್ ಬಾಂಡ್‌ಗೂ ಜನ ಒಪ್ಪಿದರು. ಆದರೂ ಮಿಸ್ಸೂರಿ ಪೆಸಿಫಿಕ್ ರೈಲು ಕಂಪನಿ ಬರಲಿಲ್ಲ. 1888ರಲ್ಲಿ ಯೂನಿಯನ್ ಪೆಸಿಫಿಕ್ ಎಂಬ ಇನ್ನೊಂದು ಕಂಪನಿ ಸೊಲೊಮನ್ ನದಿಯ ಆಚೆ ದಡದಲ್ಲಿ ಹಳಿ ಹಾಕಿತು. ವ್ಯಾಪಾರಿಗಳು ಅತ್ತ ಬೋಗ್ ಎಂಬ ಹೊಸ ಊರಿಗೆ ಹೊರಟರು. ಕೆಲವರು ಕಟ್ಟಡವನ್ನೇ ಎಬ್ಬಿಸಿಕೊಂಡು ಹೋದರು.

ರೈತರು ಹೋಗಲಿಲ್ಲ. ನೀವು ಕೇಳಿದ್ದಕ್ಕೆ ಉತ್ತರ ಇದೇ ಅಂತ ನನಗನ್ನಿಸುತ್ತದೆ. ಹೋಮ್‌ಸ್ಟೆಡ್ ಎಂಬ ಕಾನೂನಿನಲ್ಲಿ 160 ಎಕರೆವರೆಗೆ ಸರ್ಕಾರಿ ಭೂಮಿ ಸಿಗುತ್ತಿತ್ತು. ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದರೆ ಅವರ ಹೆಸರಿಗೇ ಪತ್ರ. ಒಂದು ಕಾಲಕ್ಕೆ ಬೇರೆಯವರ ಸ್ವತ್ತಾಗಿದ್ದ ಮನುಷ್ಯ ಅಂಥ ನೆಲವನ್ನು ರೈಲಿಗಾಗಿ ಬಿಟ್ಟು ಹೋಗ್ತಾನಾ? ಮಳೆ ಕೈಕೊಟ್ಟು, ಧೂಳಿನ ಬಿರುಗಾಳಿ ಎದ್ದು 1930ರ ದಶಕದಲ್ಲಿ ಬಹಳ ಮಂದಿ ಹೊರಟರು, ನಿಜ. ಆದರೂ ಊರು ಅಳಿಯಲಿಲ್ಲ. 1996ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು. ಈಗ ಅಲ್ಲಿರುವುದು ಬೆರಳೆಣಿಕೆಯ ಜನ. ಜುಲೈ ಕೊನೆಯ ಊರಹಬ್ಬಕ್ಕೆ ಮಾತ್ರ ಮೊದಲಿಗರ ವಂಶದವರು ದೇಶದ ಮೂಲೆಮೂಲೆಯಿಂದ ಬರುತ್ತಾರೆ.