ಮೀನು ಇಟ್ಟಿದ್ದ ಹಳೇ ಡೀಪ್ ಫ್ರೀಜರ್ ತಗೊಂಡಿದ್ದೇನೆ, ಯಾವ ಲಿಕ್ವಿಡ್ ಹಾಕಿದರೆ ವಾಸನೆ ಹೋಗುತ್ತದೆ?

ಮೂರು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಅಂಗಡಿ ಅಂಗಡಿ ಅಲೆದಿದ್ದೆ. ನಿಮ್ಮ ಕಷ್ಟ ಓದಿದ ತಕ್ಷಣ ಆ ವಾಸನೆ ಮತ್ತೆ ಮೂಗಿಗೆ ಬಂದ ಹಾಗಾಯಿತು.

ನಮ್ಮದು ತುಮಕೂರು ಕಡೆ ಊರು. ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ಸುಗ್ಗಿ. ನಾನು, ನಮ್ಮತ್ತೆ, ಪಕ್ಕದ ಮನೆಯ ಇಬ್ಬರು ಸೇರಿ ಕಾಯಿ ಸುಲಿದು, ಕಾಳು ನೆನೆಹಾಕಿ, ಬೆಳಗಾಗೆದ್ದು ಹಿತಕಿ, ಅರ್ಧ ಕೆಜಿ ಪ್ಯಾಕೆಟ್ ಮಾಡಿ ಮಾರುತ್ತೇವೆ. ಸೀಸನ್ ಮುಗಿದ ಮೇಲೂ ಹಿತಕಿದ ಬೇಳೆ ಕೇಳುವವರು ಇದ್ದರು. ಅದಕ್ಕೇ ಫ್ರೀಜರ್ ಬೇಕಾಯಿತು. ಹೊಸದಕ್ಕೆ ದುಡ್ಡು ಸಾಲಲಿಲ್ಲ. ಹಳೇ ಸಾಮಾನಿನ ಅಂಗಡಿಯೊಂದರಲ್ಲಿ 300 ಲೀಟರಿನದು 9,000 ರೂಪಾಯಿಗೆ ಸಿಕ್ಕಿತು.

ನಾನು ತಪ್ಪಿದ್ದು ಅಲ್ಲೇ. ನಾವು ಹೋದಾಗ ಫ್ರೀಜರ್ ಓಡುತ್ತಾ ಇತ್ತು. ಮುಚ್ಚಳ ಎತ್ತಿದರೆ ಗೋಡೆ ತುಂಬಾ ಬೆಳ್ಳಗೆ ಮಂಜು. ಕೂಲಿಂಗ್ ಚೆನ್ನಾಗಿದೆ ಅಂತ ಖುಷಿಯಾಯಿತು. ತಲೆ ಒಳಗೆ ಹಾಕಿ ಮೂಸಿಯೂ ನೋಡಿದೆ. ಏನೂ ವಾಸನೆ ಇರಲಿಲ್ಲ. ಇರೋದಾದರೂ ಹೇಗೆ? ಮೈನಸ್ 18 ಡಿಗ್ರಿಯಲ್ಲಿ ವಾಸನೆ ಏಳೋದೇ ಕಷ್ಟ. ಪಿಯು ಕಾಲೇಜಲ್ಲಿ ಕೆಮಿಸ್ಟ್ರಿ ಹೇಳುವ ನನ್ನ ತಂಗಿ ಆಮೇಲೆ ಬಿಡಿಸಿ ಹೇಳಿದಳು. ಮೀನು ಕೆಟ್ಟಾಗ ಬರುವ ವಾಸನೆಗೆ ಮುಖ್ಯ ಕಾರಣ ಟ್ರೈಮೀಥೈಲಮೈನ್. ಅದು ಸುಮಾರು 3 ಡಿಗ್ರಿಗೇ ಕುದಿದು ಗಾಳಿಯಾಗುವ ವಸ್ತು. ಮಂಜು ಕಟ್ಟಿದ ಕಡೆ ಅದು ಬಹಳಷ್ಟು ಸುಮ್ನೆ ಮಲಗಿರುತ್ತದೆ. ಬಿಸಿ ತಾಕಿತೋ, ಎದ್ದು ಬರುತ್ತದೆ. ಹಾಗಾಗಿ ಓಡುತ್ತಿರುವ ಫ್ರೀಜರ್ ಮೂಸಿ ನೋಡಿದರೆ ಏನೂ ನೋಡಿದಂತಲ್ಲ. ಇನ್ನೂ ತಗೊಳ್ಳದವರು ಯಾರಾದರೂ ಇದನ್ನು ಓದುತ್ತಿದ್ದರೆ, ಮಾರುವವರಿಗೆ ಹೇಳಿ ಒಂದು ರಾತ್ರಿ, ಒಂದು ಹಗಲು ಆಫ್ ಮಾಡಿಸಿ, ಮುಚ್ಚಳ ಹಾಕಿಸಿಡಿ. ಆಮೇಲೆ ನೀವೇ ಹೋಗಿ ಮುಚ್ಚಳ ಎತ್ತಿ. ಒಪ್ಪದಿದ್ದರೆ ಆ ಫ್ರೀಜರ್ ಬೇಡ. ಆ ಒಂದು ದಿನ ಕಾಯೋ ತಾಳ್ಮೆ ನನಗಿರಲಿಲ್ಲ. ಸುಗ್ಗಿ ಶುರುವಾಗಿತ್ತು, ಟೆಂಪೋದವನು ಹೊರಗೆ ಕಾಯ್ತಾ ಇದ್ದ.

ಮನೆಗೆ ತಂದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಆನ್ ಮಾಡಿ 22 ಕೆಜಿ ಬೇಳೆ ತುಂಬಿಸಿದೆ. ಹತ್ತು ದಿನ ಏನೂ ಗೊತ್ತಾಗಲಿಲ್ಲ. ಆಮೇಲೆ ಒಂದು ಭಾನುವಾರ ಲೈನ್ ಕೆಲಸ ಅಂತ ಇಡೀ ದಿನ ಕರೆಂಟ್ ಇರಲಿಲ್ಲ. ಸಂಜೆ ಬಂತು, ಮುಚ್ಚಳ ತೆಗೆದು ನೋಡಲೂ ಇಲ್ಲ. ಮಾರನೇ ದಿನ ಹೋದ ಪ್ಯಾಕೆಟ್‌ಗೆ ಬೆಂಗಳೂರಿಂದ ಫೋನ್ ಬಂತು. "ಅಕ್ಕ, ಬೇಳೆಗೆ ಮೀನು ತಾಕಿದೆಯಾ? ನಮ್ಮತ್ತೆ ತಟ್ಟೆ ಬಿಟ್ಟು ಎದ್ದುಬಿಟ್ಟರು" ಅಂದರು. ಅವರದು ಈರುಳ್ಳಿಯನ್ನೂ ಮುಟ್ಟದ ಮನೆ. ನನಗೆ ಮಾತೇ ಹೊರಡಲಿಲ್ಲ. ಅವರೆ ಅಂದರೆ ಸೊಗಡು ಅಲ್ವಾ? ಆ ಸೊಗಡಿಗೇ ಜನ ದುಡ್ಡು ಕೊಡೋದು. ತೆಳು ಪ್ಲಾಸ್ಟಿಕ್ ಕವರ್ ನೀರು ತಡೆಯುತ್ತದೆ, ವಾಸನೆ ತಡೆಯೋದಿಲ್ಲ ಅನ್ನೋದು ಆಗ ಗೊತ್ತಾಯಿತು. ಎಲ್ಲರಿಗೂ ದುಡ್ಡು ವಾಪಸ್ ಕೊಟ್ಟೆ. ಉಳಿದ ಬೇಳೆಯನ್ನು ತಿಪ್ಪೆಗೆ ಸುರಿಯುವಾಗ ನಮ್ಮತ್ತೆ ಮುಖ ನೋಡೋಕಾಗಲಿಲ್ಲ. ಅವರ ಉಗುರು ಇನ್ನೂ ಹಸಿರಾಗಿದ್ದವು.

ಆಮೇಲೆ ನಿಮ್ಮ ಹಾಗೇ ಲಿಕ್ವಿಡ್ ಹುಡುಕಿದೆ. ಫಿನಾಯಿಲ್ ಹಾಕಿದೆ. ದಯವಿಟ್ಟು ನೀವು ಹಾಕಬೇಡಿ. ಪ್ಲಾಸ್ಟಿಕ್ಕೂ ರಬ್ಬರೂ ಅದನ್ನು ಹೀರಿಕೊಂಡು, ಮೀನಿನ ಜೊತೆ ಫಿನಾಯಿಲ್ಲೂ ಸೇರಿತು. ಅಡುಗೆ ಸೋಡಾ ಬಟ್ಟಲಲ್ಲಿ ಇಟ್ಟೆ. ಹುಳಿ ಹಿಡಿದ ಹಾಲಿನಂಥ ವಾಸನೆಗೆ ಅದು ಸರಿ, ಮೀನಿಗೆ ಅಷ್ಟಾಗಿ ಕೆಲಸ ಮಾಡೋದಿಲ್ಲ. ಮೀನಿನ ವಾಸನೆಗೆ ಹುಳಿಯೇ ಬೇಕು. ಮೀನು ತೊಳೆಯುವವರು ನಿಂಬೆಹಣ್ಣೋ ಹುಣಸೆಹಣ್ಣೋ ಹಚ್ಚೋದು ಸುಮ್ನೆ ಅಲ್ಲ.

ಆದರೂ ನಿಮ್ಮ ಪ್ರಶ್ನೆಯೇ ತಪ್ಪು ಅಂತ ನನ್ನ ಅಭಿಪ್ರಾಯ. ಏನು ಹಾಕಬೇಕು ಅಂತಲ್ಲ, ವಾಸನೆ ಎಲ್ಲಿ ಕೂತಿದೆ ಅಂತ ಕೇಳಿ. ನಾನು ಹದಿನೈದು ದಿನ ಗೋಡೆ ತಿಕ್ಕಿದೆ. ಗೋಡೆಯಲ್ಲಿ ಏನೂ ಇರಲಿಲ್ಲ. ಒಳಗೆ ತಳದಲ್ಲಿ, ಮಂಜು ಕರಗಿದ ನೀರು ಹೋಗೋಕೆ ಒಂದು ತೂತು ಇರುತ್ತದೆ, ಅದಕ್ಕೊಂದು ಬಿರಡೆ. ಅದನ್ನು ಕಿತ್ತು, ಸೈಕಲ್ ಕಡ್ಡಿಗೆ ಬಟ್ಟೆ ಸುತ್ತಿ ಮೆಲ್ಲಗೆ ಒಳಗೆ ಬಿಟ್ಟೆ. ಕಪ್ಪಗೆ, ಲೋಳೆ ಲೋಳೆಯಾಗಿ, ಒಂದೆರಡು ಮೀನಿನ ಪೊರೆ ಅಂಟಿಕೊಂಡು ಬಂತು. ಅಂಗಳದ ಆಚೆ ನಿಂತಿದ್ದ ನಮ್ಮನೆಯವರು ಮೂಗು ಮುಚ್ಚಿಕೊಂಡರು. ಇನ್ನೊಂದು ಜಾಗ ಮುಚ್ಚಳದ ರಬ್ಬರ್. ಅದರ ಮಡಿಕೆ ಬಿಡಿಸಿ ನೋಡಿದರೆ ಅಲ್ಲೂ ಕಂದು ಗೆರೆ.

ಪ್ಲಗ್ ಕಿತ್ತು, ಮಂಜು ತಾನಾಗೇ ಕರಗೋಕೆ ಬಿಡಿ. ಚಾಕು ಹಾಕಿ ಕೆರೆಯಬೇಡಿ, ಗೋಡೆಯ ಹಿಂದೆಯೇ ಗ್ಯಾಸಿನ ಕೊಳವೆ ಇರುತ್ತದೆ. ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಜಿಡ್ಡು ತೆಗೆಯಿರಿ. ಆಮೇಲೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಆ ತೂತಿಗೂ ಹುಯ್ದು, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ರಬ್ಬರ್ ಮಡಿಕೆಗೆ ಹಳೇ ಹಲ್ಲುಜ್ಜೋ ಬ್ರಷ್. ಬ್ಲೀಚಿಂಗ್ ಪೌಡರ್ ಮಾತ್ರ ಹತ್ತಿರ ತರಬೇಡಿ. ವಿನೆಗರ್ ಜೊತೆ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಡಬ್ಬಿಯೊಳಗೆ ತಲೆ ಹಾಕಿಕೊಂಡವರಿಗೆ ಅದು ಅಪಾಯ. ತೊಳೆದಾದ ಮೇಲೆ ಮುಚ್ಚಳ ತೆಗೆದು ನಾಲ್ಕೈದು ದಿನ ಬಿಸಿಲಿಗಿಡಿ, ಚಿಕ್ಕ ಮಕ್ಕಳು ಒಳಗೆ ಇಳಿಯದ ಹಾಗೆ ನೋಡಿಕೊಳ್ಳಿ. ನಾನು ರಬ್ಬರ್ ಹೊಸದೇ ಹಾಕಿಸಿದೆ, ಒಂದು ತಟ್ಟೆ ಇದ್ದಿಲು ಒಳಗಿಟ್ಟೆ.

ಇಷ್ಟೆಲ್ಲ ಆದ ಮೇಲೆ ಮುಚ್ಚಳ ಹಾಕಿ ಒಂದು ದಿನ ಬಿಡಿ. ಮತ್ತೆ ಅದೇ ವಾಸನೆ ಜೋರಾಗಿ ಬಂದರೆ, ಕೊಳೆತ ನೀರು ಸಂದಿಯಿಂದ ಗೋಡೆಯೊಳಗಿನ ಫೋಮಿಗೆ ಇಳಿದಿರಬಹುದು. ಅದಕ್ಕೆ ಇನ್ನೊಂದು ರೂಪಾಯಿ ಹಾಕಬೇಡಿ, ಗುಜರಿಗೆ ಕೊಡಿ. ವಾಸನೆ ಹೋದರೂ ಅದರಲ್ಲಿ ಮಾರುವ ತಿಂಡಿ ಪದಾರ್ಥ ಇಡಬೇಡಿ ಅಂತಲೇ ನಾನು ಹೇಳೋದು. ನನ್ನದು ಈಗ ಚೆನ್ನಾಗಿದೆ, ಮನೆ ಬಳಕೆಗೆ ಮಾತ್ರ ಇಟ್ಟುಕೊಂಡಿದ್ದೇನೆ. ಮಾರುವ ಬೇಳೆಗೆ ಮುಂದಿನ ವರ್ಷ ಸಾಲ ಮಾಡಿ ಹೊಸದು ತಂದೆ. ಬೆಂಗಳೂರಿನ ಆ ಮನೆಯವರು ಮತ್ತೆ ಫೋನ್ ಮಾಡಲಿಲ್ಲ.

ನೀವು ಇವತ್ತು ಆ ಬಿರಡೆ ತೆಗೆದು ನೋಡಿ. ಏನು ಬಂತು ಅಂತ ತಿಳಿಸಿ.