ಕೆರೆಯ ಬೀಗದ ಕೈಗಳೆಲ್ಲ ಒಬ್ಬರ ಚೀಲದಲ್ಲಿ

ನಾನು ಆಪ್ತ ಸಮಾಲೋಚಕಿ. ಸುಮಾ ನನ್ನ ಹತ್ತಿರ ಬಂದದ್ದು ನಿದ್ದೆ ಬರುತ್ತಿಲ್ಲ ಎಂದು. ಹೆಸರು ಬದಲಿಸಿದ್ದೇನೆ, ಗುರುತು ಸಿಗುವ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ. ವಯಸ್ಸು 52, ಮನೆ ದಕ್ಷಿಣ ಬೆಂಗಳೂರಿನಲ್ಲಿ. ಕೂತವರೇ ಚೀಲದಿಂದ ಫೋನು, ಕನ್ನಡಕ, ಆಮೇಲೆ ಒಂದು ದಪ್ಪ ಬೀಗದ ಕೈಗೊಂಚಲು ತೆಗೆದು ಮೇಜಿನ ಮೇಲಿಟ್ಟರು.

"ಇಷ್ಟೂ ಮನೇದಾ?" ಅಂದೆ.

"ಅಲ್ಲ ಮೇಡಂ, ಕೆರೇದು. ಎರಡು ಗೇಟು, ಸಲಕರಣೆ ಶೆಡ್ಡು, ಪಂಪ್ ಮನೆ, ನರ್ಸರಿ."

2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಎದ್ದದ್ದನ್ನು ಟಿವಿಯಲ್ಲಿ ನೋಡಿದಾಗ ಅವರ ಮಗಳು "ಅಮ್ಮಾ, ಕೆರೆಗೂ ಬೆಂಕಿ ಬೀಳುತ್ತಾ?" ಎಂದು ಕೇಳಿದ್ದಳಂತೆ. ಮುಂದಿನ ಭಾನುವಾರ ಸುಮಾ ಒಂದು ಗೋಣಿಚೀಲ ಹಿಡಿದು ತಮ್ಮ ಬಡಾವಣೆಯ ಕೆರೆಯ ಏರಿ ಮೇಲೆ ಹೋದರು. ಜೊತೆಗೆ ನಾಲ್ಕು ಜನ. ಪ್ಲಾಸ್ಟಿಕ್ ಹೆಕ್ಕಿದರು, ಕಾಂಗ್ರೆಸ್ ಹುಲ್ಲು ಕಿತ್ತರು. ವರ್ಷಗಳಲ್ಲಿ ಅದು ದೊಡ್ಡ ಗುಂಪಾಯಿತು. ಹೊಂಗೆ, ನೇರಳೆ, ಅತ್ತಿ ಸಸಿಗಳು ಆಳೆತ್ತರ ಬೆಳೆದವು. ವಾಟ್ಸಾಪ್ ಗುಂಪಿನಲ್ಲಿ ಈಗ 240 ಜನ. ಭಾನುವಾರ ಬರುವವರು ಹನ್ನೆರಡು. ಆ ಹನ್ನೆರಡರಲ್ಲೂ ಒಂಬತ್ತು ಜನ ಹೋದ ತಿಂಗಳು ಬರುವುದು ನಿಲ್ಲಿಸಿದ್ದರು.

ಕಾರಣ ಒಂದು ಹಕ್ಕಿ ಗೂಡು. ಗುಂಪಿನಲ್ಲಿ ಎಲ್ಲರೂ ಮೇಷ್ಟ್ರೇ ಎಂದು ಕರೆಯುವ ಹಿರಿಯರೊಬ್ಬರಿದ್ದರು. ನಿವೃತ್ತ ಶಿಕ್ಷಕರು, ಒಂದು ಭಾನುವಾರವೂ ತಪ್ಪಿಸಿದವರಲ್ಲ. ಅವರು ದಡದ ಹತ್ತಿರದ ಜೊಂಡು ಕತ್ತರಿಸುವಾಗ ಗುಳುಮುಳುಕ ಎಂಬ ನೀರುಹಕ್ಕಿಯ ಗೂಡು ಹಾಳಾಯಿತು. ನಾಲ್ಕು ಮೊಟ್ಟೆ ನೀರಿಗೆ ಹೋದವು. ಸುಮಾ ಅದರ ಫೋಟೋ ತೆಗೆದು ಗುಂಪಿಗೆ ಹಾಕಿ, "ತಿಳಿಯದಿದ್ದರೆ ಕೈ ಕಟ್ಟಿ ಕೂತುಕೊಳ್ಳಿ, ಕೆರೆ ಹಾಳು ಮಾಡಬೇಡಿ" ಎಂದು ಬರೆದರು. ಹೆಸರು ಹಾಕಿರಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ. ಹತ್ತು ನಿಮಿಷಕ್ಕೆ ಮೇಷ್ಟ್ರು ಗುಂಪು ಬಿಟ್ಟರು. ಉಳಿದವರು ಏನೂ ಹೇಳಲಿಲ್ಲ, ಸುಮ್ನೆ ಬರಲಿಲ್ಲ.

ಅವತ್ತಿನಿಂದ ರಾತ್ರಿ ಮೂರಕ್ಕೆ ಎಚ್ಚರ. ಎದ್ದು ಫೋನು ನೋಡುವುದು. ಬೆಳಗ್ಗೆ ಒಬ್ಬರೇ ಹೋಗಿ ಗಿಡಗಳಿಗೆ ನೀರು ಹಾಕಿ, ಆಫೀಸಿಗೆ ತಡವಾಗಿ ಓಡುವುದು.

ಮೊದಲು ನಾನು ಹೇಳಿದ್ದು ರಕ್ತಪರೀಕ್ಷೆಗೆ. ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನಿದ್ದೆ ಕೆಡುವುದಕ್ಕೆ ಮುಟ್ಟು ನಿಲ್ಲುವ ಹೊತ್ತಿನ ಏರುಪೇರು, ಥೈರಾಯ್ಡ್, ಹೀಗೆ ಎಷ್ಟೋ ಕಾರಣ ಇರಬಹುದು. ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವುದು ತಪ್ಪು. ವೈದ್ಯರನ್ನು ನೋಡಿ ಬಂದರು, ಅಲ್ಲಿ ಹೇಳುವಂಥದ್ದೇನೂ ಇರಲಿಲ್ಲ.

ಎರಡನೇ ಸಲ ಬಂದಾಗ ಗೂಡಿನ ವಿಷಯವನ್ನೇ ಮತ್ತೆ ಕೇಳಿದೆ. ಅದು ಹೇಗಿರುತ್ತೆ ಅಂತ ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಸುಮಾ ಮುಖ ಬೆಳಗಿತು. ಜೊಂಡಿಗೆ ಸಿಕ್ಕಿಸಿಕೊಂಡು ತೇಲುವ ಗೂಡಂತೆ. ಹಕ್ಕಿ ಎದ್ದು ಹೋಗುವಾಗ ಕೊಕ್ಕಿನಿಂದ ಒದ್ದೆ ಪಾಚಿ, ಎಲೆ ಎಳೆದು ಮೊಟ್ಟೆ ಮುಚ್ಚಿ ಹೋಗುತ್ತದಂತೆ. ಬಿಳಿ ಮೊಟ್ಟೆ ಆ ಕೊಳೆತ ಎಲೆಯ ಬಣ್ಣ ಹತ್ತಿ ಕಂದು ಬಣ್ಣಕ್ಕೆ ತಿರುಗುತ್ತದೆ. "ಪಕ್ಕದಲ್ಲೇ ನಿಂತ್ರೂ ಗೂಡು ಅಂತ ಗೊತ್ತಾಗಲ್ಲ ಮೇಡಂ, ಕಸದ ಗುಪ್ಪೆ ಥರ ಇರುತ್ತೆ."

"ಹಾಗಾದ್ರೆ ಮೇಷ್ಟ್ರಿಗೆ ಗೊತ್ತಾಗೋಕೆ ಸಾಧ್ಯ ಇತ್ತಾ?"

"ಇಲ್ಲ."

"ನಿಮಗೆ?"

ತುಂಬಾ ಹೊತ್ತು ಮಾತಾಡಲಿಲ್ಲ. ಒಂದು ವಾರ ಮೊದಲೇ ನೋಡಿದ್ದರು. ಹೇಳಿದರೆ ಕ್ಯಾಮೆರಾ ಹಿಡಿದವರು ಮುತ್ತುತ್ತಾರೆ ಎಂದು ಯಾರಿಗೂ ಹೇಳಿರಲಿಲ್ಲ. ಆ ಭಾನುವಾರ ಜೊಂಡು ಕತ್ತರಿಸಲು ಹೇಳಿದ್ದೂ ಅವರೇ. ಆದರೆ ಇಡೀ ಕೆರೆಯ ನೂರು ವಿಷಯ ಒಂದೇ ತಲೆಯಲ್ಲಿ ಇಟ್ಟುಕೊಂಡು, ಇದೊಂದು ಮರೆತಿತ್ತು.

ತಪ್ಪೆಲ್ಲ ನನ್ನದೇ ಎಂದು ಅತ್ತರು. ಅದನ್ನೂ ನಾನು ಒಪ್ಪಲಿಲ್ಲ. ಕೆರೆಯನ್ನು ಅಷ್ಟು ಪ್ರೀತಿಸುವವರಿಗೆ ಆ ಮೊಟ್ಟೆಗಳನ್ನು ನೋಡಿ ಸಿಟ್ಟು ಬಂದದ್ದು ಸಹಜ. ಆದರೆ ತಿಳಿದದ್ದನ್ನು ಹಂಚದೆ, ತಿಳಿಯದವರ ಮೇಲೆ ಸಿಟ್ಟಾಗುವುದು ಮನೆಗಳಲ್ಲೂ ನಡೆಯುತ್ತದೆ. ಅಡುಗೆಮನೆಯಲ್ಲಿ ಯಾವ ಡಬ್ಬದಲ್ಲಿ ಏನಿದೆ ಎಂದು ಹೇಳದ ಅತ್ತೆಯಂದಿರನ್ನು, ಅಲ್ಲೇ ನಿಂತು ಅಳುವ ಸೊಸೆಯಂದಿರನ್ನು ನಾನು ಸಾಕಷ್ಟು ನೋಡಿದ್ದೇನೆ.

ಮಾತು ಅವರ ಅಜ್ಜಿಯ ಊರಿಗೆ ಹೋಯಿತು. ಕೋಲಾರದ ಕಡೆಯ ಹಳ್ಳಿ. "ನಮ್ಮೂರಲ್ಲಿ ನೀರುಗಂಟಿ ಇದ್ದ. ತೂಬು ಎತ್ತಿ ಕೆರೆ ನೀರು ಬಿಡೋದು ಅವನೊಬ್ನೇ. ಬೇರೆಯವರು ಮುಟ್ಟೋ ಹಾಗಿಲ್ಲ" ಅಂದರು. ನೀರುಗಂಟಿಯ ಹಾಗೆ ತಾವೂ ಒಬ್ಬರೇ ಕಾಯಬೇಕು ಎಂಬುದು ಅವರ ಮನಸ್ಸಿನಲ್ಲಿತ್ತು.

"ಹೂಳು ಎತ್ತೋದು ಯಾರು?"

"ಅದು ಊರೋರೆಲ್ಲ. ಬೇಸಿಗೇಲಿ ಗಾಡಿ ಕಟ್ಕೊಂಡು ಬಂದು ಹೊಲಕ್ಕೆ ಹೊಡ್ಕೊಂಡು ಹೋಗೋರು. ಒಳ್ಳೆ ಗೊಬ್ಬರ ಅಲ್ವಾ."

"ನಿಮ್ಮ ಕೆರೆಗೆ ಬರೋರು ಭಾನುವಾರ ಮನೆಗೆ ಏನು ತಗೊಂಡು ಹೋಗ್ತಾರೆ?"

"ಬೆನ್ನು ನೋವು. ಮತ್ತೆ ನನ್ನ ಬೈಗುಳ" ಅಂದರು. ಹೇಳಿ ತಾವೇ ಬೆಚ್ಚಿದ ಹಾಗಿತ್ತು.

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು, ಮೇಷ್ಟ್ರ ಮನೆಗೆ ಹೋಗಿ ಎಂಬುದು. ಫೋನಿನಲ್ಲಿ ಬೇಡ, ಮೆಸೇಜಿನಲ್ಲಂತೂ ಬೇಡವೇ ಬೇಡ. "ಗೂಡು ಇದ್ದದ್ದು ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ" ಎಂಬ ಒಂದು ಮಾತು ಸಾಕು, ಉದ್ದದ ಕ್ಷಮಾಪಣೆ ಬೇಕಿಲ್ಲ. ಎಲ್ಲರೆದುರು ಆದ ಅವಮಾನವಾದ್ದರಿಂದ, ಅದೇ ಮಾತನ್ನು ಆಮೇಲೆ ಗುಂಪಿನಲ್ಲೂ ಹಾಕಬೇಕು.

ಎರಡನೆಯದು ಅವರಿಗೆ ಕಷ್ಟವಾಯಿತು. ಬೀಗದ ಕೈಗಳನ್ನು ಹಂಚುವುದು. ಕೆರೆಯ ಕೆಲಸವನ್ನು ಭಾಗ ಮಾಡಿ ತೂಬಿನ ಕಡೆ ಇಬ್ಬರಿಗೆ, ಕೋಡಿ ಕಡೆ ಇಬ್ಬರಿಗೆ, ನರ್ಸರಿ ಇಬ್ಬರಿಗೆ ಎಂದು ಒಪ್ಪಿಸಿ, ಹೇಗೆ ಮಾಡಿದರೂ ಸರಿ ಎಂದು ಬಿಟ್ಟುಬಿಡಬೇಕು. ಗಿಡ ಬಾಗಿದ್ದರೆ ಬಾಗಿರಲಿ. ಜೊಂಡು, ಗೂಡು, ರಾಜಕಾಲುವೆಯ ಕೊಳಚೆಯಂಥ ಅಪಾಯದ ವಿಷಯಗಳಿಗೆ ಮಾತ್ರ ನಿಯಮ ಇರಲಿ. ಅದನ್ನು ಶೆಡ್ಡಿನ ಗೋಡೆಗೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಹಾಕಿ. ತಪ್ಪು ಕಂಡರೆ ಪಕ್ಕಕ್ಕೆ ಕರೆದು ಹೇಳಿ.

ಆ 240ರ ಲೆಕ್ಕ ಬಿಡಿ ಎಂದೂ ಹೇಳಿದೆ. ಎಲ್ಲರಿಗೂ ಕಳೆ ಕೀಳಲು ಆಗಲ್ಲ. ಮಂಡಿ ನೋವಿನವರು ಹಕ್ಕಿ ಎಣಿಸಲಿ. ಪಾಲಿಕೆಯ ಎಂಜಿನಿಯರಿಗೆ ಕಾಗದ ಬರೆಯಬಲ್ಲವರು ಬರೆಯಲಿ. ಕೆಲಸ ಏಳರಿಂದ ಒಂಬತ್ತು ಎಂದರೆ ಒಂಬತ್ತಕ್ಕೆ ಮುಗಿಯಲೇಬೇಕು, ಆಮೇಲೆ ಒಟ್ಟಿಗೆ ಕೂತು ಇಡ್ಲಿ, ಕಾಫಿ. ಸುಮಾ ಇಷ್ಟು ವರ್ಷ ಇದನ್ನು ಸಮಯ ಹಾಳು ಎಂದೇ ಅಂದುಕೊಂಡಿದ್ದರು. ನನ್ನ ಮಟ್ಟಿಗೆ ಅದೇ ಇವತ್ತಿನ ಹೂಳು, ಜನ ಮನೆಗೆ ಹೊತ್ತುಕೊಂಡು ಹೋಗುವುದು.

ಜೂನ್‌ನಲ್ಲಿ ಐವತ್ತು ಅರವತ್ತು ಜನ ಬಸ್ಸಿನಲ್ಲಿ ಬಂದು ಸಸಿ ನೆಟ್ಟು ಫೋಟೋ ತೆಗೆಸಿಕೊಂಡು ಹೋಗುವ ಕಂಪನಿಗಳ ಬಗ್ಗೆಯೂ ಅವರಿಗೆ ನೋವಿತ್ತು. ಮಾರ್ಚ್ ಏಪ್ರಿಲ್‌ನಲ್ಲಿ ಆ ಸಸಿಗೆ ನೀರು ಹಾಕುವವರು ಯಾರು? ಬೇಸಿಗೆಯಲ್ಲಿ ನೀರಿನ ಪಾಳಿಗೆ ಹೆಸರು ಕೊಟ್ಟರಷ್ಟೇ ಬನ್ನಿ ಎಂದು ಹೇಳುವ ಹಕ್ಕು ನಿಮಗಿದೆ ಎಂದೆ. ಬೇಡ ಎನ್ನುವ ಅಭ್ಯಾಸ ಅವರಿಗೆ ಇರಲಿಲ್ಲ. ನನ್ನೆದುರಿಗೇ ಮೂರು ಸಲ ಹೇಳಿಸಿದೆ. ಮೂರನೆಯ ಸಲ ದನಿ ನಡುಗಲಿಲ್ಲ.

ಕೊನೆಯದಾಗಿ, ಎರಡು ಭಾನುವಾರ ಕೆರೆ ಕಡೆ ತಲೆ ಹಾಕಬೇಡಿ, ರಾತ್ರಿ ಫೋನು ನಡುಮನೆಯಲ್ಲಿರಲಿ ಎಂದೆ. ಮೊದಲ ಭಾನುವಾರ ತಡೆಯಲಾರದೆ ಗೇಟಿನ ತನಕ ಹೋಗಿ ವಾಪಸ್ ಬಂದರಂತೆ. ಅಷ್ಟಾದರೂ ಆಯಿತಲ್ಲ.

ಮೇಷ್ಟ್ರು ಮನೆಯಲ್ಲಿ ಒಳಗೆ ಕರೆದು ಮಜ್ಜಿಗೆ ಕೊಟ್ಟು, "ಒಂದ್ಮಾತು ಹೇಳಿದ್ರೆ ನಾನೇ ಕಾವಲು ಕೂರ್ತಿದ್ದೆನಲ್ಲಮ್ಮಾ" ಅಂದರಂತೆ. ಈಗ ಜೊಂಡಿನ ಉಸ್ತುವಾರಿ ಅವರದೇ. ಗೂಡಿರುವ ಕಡೆ ದಡದಲ್ಲಿ ಕೆಂಪು ಬಟ್ಟೆ ಕಟ್ಟಿದ ಕೋಲು ನೆಡುತ್ತಾರೆ. ಬಿಟ್ಟುಹೋದ ಒಂಬತ್ತರಲ್ಲಿ ಐದು ಜನ ವಾಪಸ್ ಬಂದಿದ್ದಾರೆ. ನಾಲ್ವರು ಬಂದಿಲ್ಲ. ಬರದೆ ಇರಬಹುದು ಎಂದು ಸುಮಾ ತಾವೇ ಹೇಳಿದರು, ಆ ಹೊತ್ತಿಗೆ ಕಣ್ಣು ತುಂಬಿತ್ತು. ನಿದ್ದೆ ವಾರದಲ್ಲಿ ನಾಲ್ಕೈದು ದಿನ ಸರಿಯಾಗಿದೆ.

ಗೊಂಚಲಿನಲ್ಲಿ ಈಗ ಪಂಪ್ ಮನೆಯ ಕೈ ಒಂದೇ ಉಳಿದಿದೆ. ಅದನ್ನು ಯಾರಿಗೆ ಕೊಡುವುದು ಎಂದು ಮುಂದಿನ ತಿಂಗಳು ಮಾತಾಡುತ್ತೇವೆ.